ನಮೂನೆ ಹದಿನೇಳರ ಹನ್ನೆರಡನೆಯ ಸಾಲು

ನಮೂನೆಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮನಿಗೆ ಇನ್ಸುಲಿನ್ ಬೇಕಿಲ್ಲ ಎಂದು ನಿಮ್ಮ ಕಚೇರಿ ಲಿಖಿತವಾಗಿ ತಿಳಿಸಿದೆ. "ಗಡಿಯಂಚಿನ ಸ್ಥಿತಿ. ಪಥ್ಯ ಮತ್ತು ದಿನಕ್ಕೆ ಅರ್ಧ ಗಂಟೆ ನಡಿಗೆ ಸಾಕು. ಮೂರು ತಿಂಗಳ ನಂತರ ಬನ್ನಿ." ಕೆಳಗೆ ನಿಮ್ಮ ಹಸಿರು ಶಾಯಿಯ ಸಹಿ. ಈ ಕಾಗದ ಬಂದ ಆರನೆಯ ದಿನ ನನ್ನ ತಮ್ಮ ತೀವ್ರ ನಿಗಾ ಘಟಕದಲ್ಲಿದ್ದ. ಅರ್ಧ ಗಂಟೆ ನಡೆಯುವುದಿರಲಿ, ಕಣ್ಣು ಬಿಟ್ಟು ನಾನು ಯಾರೆಂದು ಹೇಳುವ ಸ್ಥಿತಿಯಲ್ಲೂ ಅವನಿರಲಿಲ್ಲ. ಅವನನ್ನು ಅಲ್ಲಿಗೆ ಕಳಿಸಿದ್ದು ಇನ್ಸುಲಿನ್‌ಗೆ ಅರ್ಜಿ ಹಾಕುವ ನಿಮ್ಮ ನಮೂನೆ ಹದಿನೇಳು. ಆ ನಮೂನೆಯ ಕರಡು ತಿದ್ದಿದವಳು ನಾನು. ಹಾಗಾಗಿ ಈ ಪತ್ರವನ್ನು ಓದುವಾಗ ಯಾರೋ ದಾರಿಹೋಕಳು ಬೈಯುತ್ತಿದ್ದಾಳೆ ಎಂದುಕೊಳ್ಳಬೇಡಿ. ಮನೆಯವಳೇ ಬೈಯುತ್ತಿದ್ದಾಳೆ.

ನನ್ನ ಪರಿಚಯ ನಿಮಗಿರಲಿಕ್ಕಿಲ್ಲ. ಆರೋಗ್ಯ ಇಲಾಖೆಯ ಮುದ್ರಣಾಲಯದಲ್ಲಿ, ಯಂತ್ರದ ಕೋಣೆಗೆ ಅಂಟಿಕೊಂಡ ಗಾಜಿನ ಗೂಡಿನಲ್ಲಿ, ಇಪ್ಪತ್ತಾರು ವರ್ಷಗಳಿಂದ ಕೂತಿದ್ದೇನೆ. ನಿಮ್ಮ ಸುತ್ತೋಲೆ, ನಿಮ್ಮ ಕರಪತ್ರ, ನಿಮ್ಮ ನಮೂನೆ, ನಿಮ್ಮ ವಾರ್ಷಿಕ ವರದಿಯಲ್ಲಿ ನೀವು ನಿಮ್ಮನ್ನೇ ಹೊಗಳಿಕೊಂಡ ನಲವತ್ತು ಪುಟ, ಎಲ್ಲವೂ ನನ್ನ ಮೇಜಿನ ಮೇಲಿಂದಲೇ ಹೋಗಬೇಕು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುತ್ತೇನೆ. ಕೊನೆಗೆ ಹಾಳೆಯ ಮೂಲೆಯಲ್ಲಿ "ಮುದ್ರಿಸಬಹುದು" ಎಂದು ಬರೆದು ಸಹಿ ಹಾಕುತ್ತೇನೆ. ಆ ಸಹಿ ಇಲ್ಲದೆ ಒಂದು ಚೀಟಿಯೂ ಯಂತ್ರಕ್ಕೆ ಹೋಗುವುದಿಲ್ಲ. ಇದು ಮುದ್ರಣಾಲಯದ ನಿಯಮ, ನೀವೇ ಮಾಡಿದ್ದು.

ಇಷ್ಟು ವರ್ಷ ಒಬ್ಬರ ಬರಹವನ್ನು ಓದಿದರೆ ಏನಾಗುತ್ತದೆ ಗೊತ್ತೇ? ನಂಬಿಕೆ ಬರುತ್ತದೆ. ನನಗೂ ಬಂತು. ನೆರೆಮನೆಯವರಿಗೆ ಕೆಮ್ಮು ಬಂದರೆ ನಿಮ್ಮ ಕರಪತ್ರದ ವಾಕ್ಯವನ್ನೇ ಹೇಳುತ್ತಿದ್ದೆ. ಅಂಗಡಿಯವರ ಮಗುವಿಗೆ ಲಸಿಕೆಯ ದಿನಾಂಕವನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ. ತಮ್ಮ ನಗುತ್ತಿದ್ದ. "ನಮ್ಮಕ್ಕ ಓದಿರೋದು ಪ್ರೂಫು, ಮಾತಾಡೋದು ಮಾತ್ರ ಪ್ರೊಫೆಸರ್ ಥರ" ಅಂತ. ಅವನು ಏನು ಬೇಕಾದರೂ ಅನ್ನಲಿ, ಅಚ್ಚಾದ ಮೇಲೆ ಅದು ಸತ್ಯ ಎಂದೇ ನನ್ನ ಲೆಕ್ಕ. ನಾನೇ ತಿದ್ದಿದ್ದಲ್ಲವೇ!

ತಮ್ಮನ ವಿಷಯಕ್ಕೆ ಬರುತ್ತೇನೆ. ಲಿಫ್ಟ್ ದುರಸ್ತಿ ಮಾಡುವವನು. ವಯಸ್ಸು ನಲವತ್ನಾಲ್ಕು. ಇಡೀ ಊರಿನ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಏಣಿ ಹತ್ತಿ ಇಳಿಯುವ ಕೆಲಸ. ಮೈಯಲ್ಲಿ ಒಂದು ತುಣುಕು ಬೊಜ್ಜಿಲ್ಲ. ಎಷ್ಟು ಸೋಪು ಹಚ್ಚಿ ತೊಳೆದರೂ ಅವನಿಂದ ಗ್ರೀಸಿನ ವಾಸನೆ ಹೋಗುವುದಿಲ್ಲ. ಜೊತೆಯವರು ಅವನನ್ನು ಕರೆಯುವುದೇ "ಕೀಲೆಣ್ಣೆ" ಎಂದು. ಅವನೂ ನಾನೂ ಒಂದೇ ಮನೆಯಲ್ಲಿದ್ದೇವೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಅವನು, ಅವನಿಗೆ ನಾನು. ನಮ್ಮ ವಂಶದಲ್ಲಿ ಮೂರು ತಲೆಮಾರಿನವರೆಗೆ ಸಕ್ಕರೆ ಕಾಯಿಲೆಯ ಸುಳಿವಿಲ್ಲ.

ಒಂದು ಸೋಮವಾರ ಅವನಿಗೆ ಜ್ವರ ಬಂತು. ಆ ವಾರ ಅರ್ಧ ಬೀದಿಗೇ ಬಂದಿತ್ತು. ಮೈಕೈ ನೋವು, ಗಂಟಲು ಕೆರೆತ, ಎರಡು ಸಲ ಭೇದಿ. ಗುರುವಾರದ ಹೊತ್ತಿಗೆ ಜ್ವರ ಇಳಿಯಿತು. ಶುಕ್ರವಾರ ಬೆಳಿಗ್ಗೆ ಅವನು ಅಡುಗೆಮನೆಯ ನಲ್ಲಿಯ ಹತ್ತಿರ ನಿಂತು ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದ. ಒಂಬತ್ತು ಲೋಟ, ನಾನು ಎಣಿಸಿದೆ.

"ಅಕ್ಕಾ, ಏನೋ ಸರಿ ಇಲ್ಲ ಕಣೇ. ಕುಡಿದಷ್ಟೂ ಒಣಗತ್ತೆ. ಸಕ್ಕರೆ ಗಿಕ್ಕರೆ ಬಂತಾ ಅಂತ. ನಮ್ಮ ಮೇಸ್ತ್ರಿಗೆ ಹೀಗೇ ಶುರುವಾಗಿದ್ದು."

ನಾನು ಏನು ಹೇಳಿದೆ ಗೊತ್ತೇ ಮಾನ್ಯರೇ? ನಿಮ್ಮ "ಸಕ್ಕರೆ ಕಾಯಿಲೆ: ತಿಳಿದಿರಿ" ಕರಪತ್ರದ ಮೂರನೆಯ ಪುಟ, ಎರಡನೆಯ ಪರಿಚ್ಛೇದವನ್ನು ಅಕ್ಷರ ತಪ್ಪದೆ ಹೇಳಿದೆ: "ಈ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ದಿಢೀರನೆ ಬರುವುದಿಲ್ಲ." ಆ ಅಲ್ಪವಿರಾಮ ಚಿಹ್ನೆ ಹಾಕಿದವಳೇ ನಾನು. "ನಾಲ್ಕು ದಿನಕ್ಕೆಲ್ಲಾ ಸಕ್ಕರೆ ಬರಲ್ಲ ಕಣೋ. ಜ್ವರಕ್ಕೆ ಮೈಯಲ್ಲಿ ನೀರು ಆರಿದೆ ಅಷ್ಟೇ" ಅಂದೆ. ಆಮೇಲೆ ನಿಮ್ಮ ಇನ್ನೊಂದು ಕರಪತ್ರ ನೆನಪಾಯಿತು, "ಜ್ವರ: ಹೆದರಿಕೆ ಬೇಡ, ಆರೈಕೆ ಇರಲಿ." ಅದರಲ್ಲಿ ಬರೆದಿದ್ದಂತೆ ಕಿತ್ತಳೆ ರಸಕ್ಕೆ ಸಕ್ಕರೆ ಬೆರೆಸಿ ಗಂಟೆಗೊಂದು ಲೋಟ ಕೊಟ್ಟೆ. ಶುಕ್ರವಾರ ಕೊಟ್ಟೆ. ಶನಿವಾರ ವಾಂತಿ ಶುರುವಾಯಿತು, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ, ಆಗಲೂ ಕೊಟ್ಟೆ. "ಬೇಡ ಅಕ್ಕಾ" ಅಂದ. ಗದರಿಸಿ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ ಸ್ವಾಮಿ!

ಭಾನುವಾರ ಮಧ್ಯಾಹ್ನ ಅವನ ಉಸಿರು ಬದಲಾಯಿತು. ಮೆಟ್ಟಿಲು ಹತ್ತಿ ಬಂದವನ ಹಾಗೆ ಆಳವಾಗಿ, ಬಿಡದೆ. ಬಗ್ಗಿ ನೋಡಿದರೆ ಬಾಯಿಂದ ಕೊಳೆತ ಹಣ್ಣಿನ ವಾಸನೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ತಮ್ಮನಿಂದ ಗ್ರೀಸು ಬಿಟ್ಟು ಬೇರೇನೋ ವಾಸನೆ ಬರುತ್ತಿತ್ತು. ಕೆಳಗಿನ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಸಕ್ಕರೆ ಎಂಟುನೂರ ನಲವತ್ತು. ಇರಬೇಕಾದ್ದರ ಆರು ಪಟ್ಟು. ಇನ್ನು ಅರ್ಧ ದಿನ ತಡವಾಗಿದ್ದರೆ ಕರೆದುಕೊಂಡು ಬರುವ ಅಗತ್ಯವೇ ಇರುತ್ತಿರಲಿಲ್ಲ ಎಂದು ವಾರ್ಡಿನ ವೈದ್ಯೆ ಮುಖಕ್ಕೆ ಹೊಡೆದಂತೆ ಹೇಳಿದರು.

ಆ ವೈದ್ಯೆ ಮೂರನೆಯ ದಿನ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ತಮ್ಮನ ಮೈ ಈಗ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ. ಅದನ್ನು ನೋಡುವ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಸೊನ್ನೆ ಬಂದಿದೆ. ಹೊರಗಿನಿಂದ ಚುಚ್ಚದಿದ್ದರೆ ಎರಡು ದಿನ ಬದುಕುವುದೂ ಕಷ್ಟ. ಮಾತ್ರೆ, ಪಥ್ಯ, ನಡಿಗೆ ಯಾವುದೂ ಕೆಲಸಕ್ಕೆ ಬಾರದು. ನಾನು ಕೇಳಿದೆ, "ಡಾಕ್ಟ್ರೇ, ಆ ಜ್ವರದಿಂದಲೇ ಹೀಗಾಯ್ತಾ?"

"ಇರಬಹುದಮ್ಮ. ಜ್ವರ ಬಂದು ಹೋದ ವಾರದೊಳಗೇ ಹೀಗೆ ದಿಢೀರಂತ ಆಗಿರೋದು ಬೇರೆ ಕಡೆನೂ ದಾಖಲಾಗಿದೆ. ವೈರಸ್ಸೇ ಆ ಜೀವಕೋಶಗಳನ್ನ ಹಾಳು ಮಾಡತ್ತೋ, ಇಲ್ಲ ವೈರಸ್ ಓಡಿಸೋಕೆ ಹೊರಟ ಮೈಯ ಕಾವಲುಪಡೆನೇ ದಾರಿ ತಪ್ಪಿ ಅವನ್ನ ಹೊಡೆಯತ್ತೋ, ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಇವರ ವಿಷಯದಲ್ಲಿ ಯಾವ ವೈರಸ್ಸು ಅಂತಾನೂ ಸಿಗಲಿಲ್ಲ. ಅದು ಬಂದು ಹೋಗಿಬಿಟ್ಟಿರತ್ತೆ."

"ನಮ್ಮ ಊರಲ್ಲಿ ಇನ್ನೂ ಯಾರಿಗಾದ್ರೂ ಹೀಗಾಗಿದೆಯಾ?"

"ಆಗಿದ್ರೂ ಹೇಗೆ ಗೊತ್ತಾಗಬೇಕು? ಸಕ್ಕರೆ ಬರೋ ಮುಂಚೆ ಜ್ವರ ಬಂದಿತ್ತಾ ಅಂತ ಯಾರೂ ಕೇಳಿ ಬರೆದಿಟ್ಟಿಲ್ಲ. ನಮೂನೆಯಲ್ಲಿ ಆ ಪ್ರಶ್ನೆನೇ ಇಲ್ವಲ್ಲ."

ಆ ಪ್ರಶ್ನೆ ಇತ್ತು ಮಾನ್ಯರೇ. ಹನ್ನೆರಡನೆಯ ಸಾಲು. "ಕಳೆದ ನಾಲ್ಕು ವಾರಗಳಲ್ಲಿ ಜ್ವರ ಅಥವಾ ಸೋಂಕು ಬಂದಿತ್ತೇ? ಬಂದಿದ್ದರೆ ಎಂದು?" ಅದನ್ನು ತೆಗೆದವಳು ನಾನು.

ನಿಮಗೆ ಮರೆತಿರಬಹುದು, ಅಥವಾ ನೀವು ಆಗ ಆ ಕುರ್ಚಿಯಲ್ಲಿ ಇರದೇ ಇರಬಹುದು. ಕುರ್ಚಿಗೆ ಮರೆವು ಇರುವುದಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ. ಹನ್ನೊಂದು ವರ್ಷದ ಹಿಂದೆ ಇಲಾಖೆಗೊಂದು ಹೊಸ ಧ್ಯೇಯವಾಕ್ಯ ಸಿಕ್ಕಿತು: "ನಿಮ್ಮ ಆರೋಗ್ಯ, ನಮ್ಮ ಹೊಣೆ." ಎಲ್ಲ ನಮೂನೆಗಳ ನೆತ್ತಿಯ ಮೇಲೂ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕೆಂದು ಆದೇಶವಾಯಿತು. ನಮೂನೆ ಹದಿನೇಳಕ್ಕೆ ಅದನ್ನು ಹಾಕಿದ ಕೂಡಲೇ ಕೆಳಗಿನ ಒಂದು ಸಾಲು, ಸಹಿ ಮಾಡುವ ಜಾಗ, ಹಾಳೆಯ ಹಿಂಬದಿಗೆ ಬಿತ್ತು. ಒಂದೇ ಒಂದು ಸಾಲು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಪುಟದಾಚೆ ಅನಾಥವಾಗಿ ನಿಂತ ಸಾಲನ್ನು ಕಂಡರೆ ನನಗೆ ಊಟ ಸೇರುವುದಿಲ್ಲ. ಯಾವುದಾದರೂ ಒಂದು ಸಾಲು ಬಿಡಬೇಕು, ಯಾವುದು ಎಂದು ಕಚೇರಿಗೆ ಬರೆದು ಕೇಳಿದೆ. ಕರಡು ಹಿಂತಿರುಗಿ ಬಂದಾಗ ಹನ್ನೆರಡನೆಯ ಸಾಲಿನ ಮೇಲೆ ಹಸಿರು ಗೀಟು, ಪಕ್ಕದಲ್ಲಿ ಹಸಿರು ಶಾಯಿಯ ಒಂದು ಪ್ರಶ್ನೆ: "ಜ್ವರಕ್ಕೂ ಸಕ್ಕರೆಗೂ ಏನು ಸಂಬಂಧ?"

ಪ್ರಶ್ನೆಯೇನೋ ಒಳ್ಳೆಯದೇ. ಉತ್ತರ ಹುಡುಕಲಿಕ್ಕೆಂದೇ ಆ ಸಾಲನ್ನು ಯಾರೋ ಬುದ್ಧಿವಂತರು ಅಲ್ಲಿಟ್ಟಿದ್ದರು ಎಂಬುದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಸಾಲು ತೆಗೆದೆ. ಹದಿಮೂರನ್ನು ಹನ್ನೆರಡು ಮಾಡಿದೆ. ಪುಟ ಅಂದವಾಗಿ ಕೂತಿತು. ಆ ಹಾಳೆಯನ್ನು ದೂರ ಹಿಡಿದು ನೋಡಿ, ಯಂತ್ರದವರಿಗೆ ತೋರಿಸಿ, "ನೋಡಿ, ಹೇಗೆ ಕೂರಿಸಿದೆ" ಎಂದು ಬೀಗಿದ್ದೂ ನೆನಪಿದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇನ್ಸುಲಿನ್‌ಗಾಗಿ ನಾವು ತುಂಬಿಕೊಟ್ಟ ಆ ಅಂದವಾದ ಪುಟ ನನ್ನ ತಮ್ಮನನ್ನು ಹೇಗೆ ಓದಿತು ಎಂದು ಈಗ ನೋಡಿ. ವಯಸ್ಸು: ನಲವತ್ನಾಲ್ಕು. ತೂಕ: ಸರಿಯಿದೆ. ಮನೆತನದಲ್ಲಿ ಕಾಯಿಲೆ: ಇಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ: ಆರು ಬಿಂದು ಒಂದು. ನಿಮ್ಮ ನಿಯಮದ ಪ್ರಕಾರ ಆರೂವರೆ ದಾಟಿದರೆ ಮಾತ್ರ ಕಾಯಿಲೆ. ಅಲ್ಲಿಗೆ ಮುಗಿಯಿತು ಕಥೆ. ಸರಾಸರಿ ಯಾಕೆ ಕಡಿಮೆ ಬಂತು ಎಂಬುದನ್ನು ವೈದ್ಯೆ ನನಗೆ ಎರಡು ನಿಮಿಷದಲ್ಲಿ ತಿಳಿಸಿದರು: ಸಕ್ಕರೆ ಏರಿದ್ದು ಕೊನೆಯ ಕೆಲವೇ ದಿನ, ಅದಕ್ಕೆ ಮುಂಚಿನ ಎಂಬತ್ತು ಚಿಲ್ಲರೆ ದಿನ ಅವನು ಕಲ್ಲುಗುಂಡಿನ ಹಾಗಿದ್ದ. ಅಂದರೆ ಅವನ ಸರಾಸರಿ ಕಡಿಮೆ ಇದ್ದದ್ದು ಕಾಯಿಲೆ ಸಣ್ಣದೆಂಬುದಕ್ಕಲ್ಲ, ಅದು ಎಷ್ಟು ವೇಗವಾಗಿ ಬಂತು ಎಂಬುದಕ್ಕೆ ಸಾಕ್ಷಿ. ತಮ್ಮನಿಗೆ ಇದನ್ನು ಹೇಳಿದಾಗ ಹಾಸಿಗೆಯಲ್ಲೇ ನಕ್ಕ.

"ಸರಿ ಬಿಡಕ್ಕಾ. ಮೂರು ತಿಂಗಳು ಐದನೇ ಮಹಡಿಲಿದ್ದ ಲಿಫ್ಟು ಇವತ್ತು ಬೆಳಿಗ್ಗೆ ಹಗ್ಗ ಹರಿದು ನೆಲಕ್ಕೆ ಬಿತ್ತು ಅನ್ನು. ಇವರು ಬಂದು ಸರಾಸರಿ ತೆಗೆದು, 'ಇಲ್ಲಾರೀ, ಲಿಫ್ಟು ಐದನೇ ಮಹಡಿ ಹತ್ರಾನೇ ಇದೆ, ಹತ್ತಿ' ಅಂತಾರೆ."

ಆಸ್ಪತ್ರೆಯವರು ಕೊಟ್ಟ ಪತ್ರವನ್ನು ನಮೂನೆಗೆ ಲಗತ್ತಿಸಿದ್ದೆ. ನಿಮ್ಮ ಕೌಂಟರಿನವರು ಅದನ್ನು ಪಿನ್ನಿನ ಸಮೇತ ತೆಗೆದು ನನ್ನ ಕೈಗೇ ಕೊಟ್ಟರು. "ಮೇಡಂ, ನಮೂನೇಲಿ ಲಗತ್ತು ಅಂತ ಕಾಲಂ ಇಲ್ಲ. ನಾವೇನು ಮಾಡೋಣ?" ಪಾಪ, ಅವರನ್ನು ಬೈದು ಏನು ಪ್ರಯೋಜನ? ಕಾಲಂ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ಅವರಿಗೆ ಕಲಿಸಿದವರು ನೀವು. ಅಚ್ಚು ಹಾಕಿಸಿ ಕೊಟ್ಟವಳು ನಾನು. ಈ ಊರಿನಲ್ಲಿ ಇನ್ಸುಲಿನ್ ನಿಮ್ಮ ಕೌಂಟರು ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ತಿರಸ್ಕಾರದ ಕಾಗದ ಬಂದ ಮೇಲೆ, ವಾರ್ಡಿನಿಂದ ತಂದ ಸೀಸೆಯಲ್ಲಿ ಉಳಿದಿದ್ದನ್ನು ತಮ್ಮ ನನಗೆ ಹೇಳದೆ ಅರ್ಧರ್ಧ ಚುಚ್ಚಿಕೊಂಡು ನಾಲ್ಕು ದಿನ ದೂಡಿದ. ಐದನೆಯ ದಿನ ಅದೂ ಇರಲಿಲ್ಲ. ಆರನೆಯ ದಿನ ಏನಾಯಿತೆಂದು ಮೊದಲೇ ಬರೆದಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಿದೆ. ನೀವು ಅದನ್ನೂ ಸುಧಾರಿಸಿದಿರಿ. ಎತ್ತಿಗೆ ಜ್ವರವೇ ಬಂದಿರಲಿಲ್ಲ ಎಂದು ಷರಾ ಬರೆದಿರಿ.

ಆ ಎರಡನೆಯ ಸಲ ಆಸ್ಪತ್ರೆಯಿಂದ ಬಂದ ಮೇಲೆ ನಾನು ನಿಮ್ಮ ಕಚೇರಿಗೆ ಮೂರು ಪತ್ರ ಬರೆದೆ, ಹನ್ನೆರಡನೆಯ ಸಾಲನ್ನು ಮತ್ತೆ ಸೇರಿಸಿ ಎಂದು. ಮೂರಕ್ಕೂ ಸೇರಿ ಒಂದು ಉತ್ತರ ಬಂತು: "ಸೋಂಕಿನಿಂದ ಸಕ್ಕರೆ ಕಾಯಿಲೆ ಬರುತ್ತದೆಂದು ಸಾಬೀತಾಗಿಲ್ಲವಾದ್ದರಿಂದ ಸದರಿ ಪ್ರಶ್ನೆಯ ಅಗತ್ಯ ಕಂಡುಬರುವುದಿಲ್ಲ." ಭಲೇ! ಕೇಳದಿದ್ದರೆ ಸಾಬೀತಾಗುವುದು ಹೇಗೆ? ಸಾಬೀತಾಗದಿದ್ದರೆ ನೀವು ಕೇಳುವುದಿಲ್ಲ. ಹುಚ್ಚು ಬಿಡುವ ತನಕ ಮದುವೆ ಆಗೋಲ್ಲ, ಮದುವೆ ಆಗುವ ತನಕ ಹುಚ್ಚು ಬಿಡೋಲ್ಲ. ಜ್ವರ ಬಂದವರಿಗೆಲ್ಲ ಸಕ್ಕರೆ ಬರುತ್ತದೆ ಎಂದು ಡಂಗುರ ಹೊಡೆಯಿರಿ ಎಂದು ನಾನು ಕೇಳಿಲ್ಲ. ನಮ್ಮ ಬೀದಿಯಲ್ಲಿ ಆ ವಾರ ಜ್ವರ ಬಂದ ಉಳಿದವರೆಲ್ಲ ಚೆನ್ನಾಗಿದ್ದಾರೆ, ಚೆನ್ನಾಗಿರಲಿ. ವೈರಸ್ಸೇ ಅಪರಾಧಿ ಎಂದು ನಾನೂ ಹೇಳಲಾರೆ, ನನ್ನ ತಮ್ಮನಿಗೆ ಚಿಕಿತ್ಸೆ ಕೊಟ್ಟ ವೈದ್ಯೆಯೂ ಹೇಳಲಿಲ್ಲ. ಅವರು "ಇರಬಹುದು" ಎಂದರು. ಅಷ್ಟು ಓದಿದವರು ಇರಬಹುದು ಎಂದು ತಲೆ ಬಾಗಿಸುವ ಕಡೆ, ನೀವು "ಸಂಬಂಧವೇನು" ಎಂದು ಗೀಟು ಎಳೆದಿರಿ. ಒಂದು ಅನುಮಾನಕ್ಕೆ ಒಂದು ಸಾಲು ಜಾಗ ಕೊಟ್ಟಿದ್ದರೆ ಈ ಹನ್ನೊಂದು ವರ್ಷದಲ್ಲಿ ಎಷ್ಟು ಜನ ಆ ಸಾಲನ್ನು ತುಂಬುತ್ತಿದ್ದರೋ. ಇಬ್ಬರೇ ಇರಬಹುದು, ಇನ್ನೂರು ಇರಬಹುದು. ಬದುಕಿದವರೆಷ್ಟು ಎಂಬುದೂ ಗೊತ್ತಿಲ್ಲ. ಎಲ್ಲರನ್ನೂ ನಾವಿಬ್ಬರೂ ಸೇರಿ ಅಳಿಸಿಬಿಟ್ಟಿದ್ದೇವೆ.

ನನಗೆ ಹೆಚ್ಚು ಉರಿಯುವುದು ಯಾವುದು, ಹೇಳಲೇ? ನೀವು ಅಜ್ಞಾನದಿಂದ ತಪ್ಪು ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ತಪ್ಪು ಯಾರು ಬೇಕಾದರೂ ಮಾಡಬಹುದು, ನಾನು ದಿನಾ ತಿದ್ದುವುದೇ ತಪ್ಪುಗಳನ್ನು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ, "ಮೇಯ್ದಿದ್ದು ಬೇಲಿಯಲ್ಲ" ಎಂದು ಅದೇ ಬೇಲಿ ಕಾಗದ ಬರೆದರೆ? ಇಪ್ಪತ್ತಾರು ವರ್ಷ ನಿಮ್ಮ ಮಾತನ್ನು ನನ್ನ ಮಾತೆಂದು ಹೇಳಿಕೊಂಡು ತಿರುಗಿದೆ. ಆ ಮಾತನ್ನೇ ನಂಬಿ ಒಡಹುಟ್ಟಿದವನ ಬಾಯಿಗೆ ಸಕ್ಕರೆ ನೀರು ಹೊಯ್ದೆ. ಅವನು ಈವರೆಗೆ ಒಂದು ಸಲವೂ ಅದನ್ನು ಎತ್ತಿ ಆಡಿಲ್ಲ. ನಾನೇ ಎತ್ತಿದರೆ, "ರುಚಿಯಾಗಿತ್ತು ಬಿಡು, ಕೊನೇ ಕಿತ್ತಳೆ ರಸ" ಅನ್ನುತ್ತಾನೆ. ಅವನ ಆ ತಮಾಷೆ ನನ್ನನ್ನು ಸುಡುತ್ತದೆ.

ಈಗ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾದ ಕಾರಣ. ಎರಡನೆಯ ಸಲ ಆಸ್ಪತ್ರೆ ಸೇರಿದ ಮೇಲೆ ನಿಮ್ಮ ಕೌಂಟರು ತಮ್ಮನಿಗೆ ಮೂವತ್ತು ದಿನದ ತಾತ್ಕಾಲಿಕ ಚೀಟಿ ಕೊಟ್ಟಿದೆ. ಬರುವ ಗುರುವಾರಕ್ಕೆ ಅದು ಮುಗಿಯುತ್ತದೆ. ಅಷ್ಟರೊಳಗೆ ಮರುಪರಿಶೀಲನೆಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಬೇಕಾದ್ದು ನಮೂನೆ ಹದಿನೇಳರಲ್ಲಿ. ಹಳೆಯ ಹಾಳೆಗಳು ಖಾಲಿ, ಹೊಸದು ಅಚ್ಚಾಗಿ ಬರಲಿ ಎಂದು ಕೌಂಟರಿನವರು ಹೇಳಿದರು. ಹೊಸದು ಎಲ್ಲಿದೆ ಗೊತ್ತೇ? ನನ್ನ ಮೇಜಿನ ಮೇಲೆ. ಮೂವತ್ತು ಸಾವಿರ ಪ್ರತಿಗಳ ಆದೇಶದೊಂದಿಗೆ ಅದರ ಕರಡು ಸೋಮವಾರ ಬಂತು. ಅದೇ ಹನ್ನೆರಡು ಸಾಲು, ಅದೇ ಧ್ಯೇಯವಾಕ್ಯ, ಈ ಸಲ ಇನ್ನೂ ಸ್ವಲ್ಪ ದಪ್ಪಗೆ. "ಮುದ್ರಿಸಬಹುದು" ಎಂಬ ಜಾಗ ಖಾಲಿಯಿದೆ.

ಸಹಿ ಹಾಕದಿದ್ದರೆ ನಮೂನೆ ಬರುವುದಿಲ್ಲ, ತಮ್ಮನ ಅರ್ಜಿ ಹೋಗುವುದಿಲ್ಲ, ಗುರುವಾರದ ನಂತರ ಅವನಿಗೆ ಇನ್ಸುಲಿನ್ ಇಲ್ಲ. ಸಹಿ ಹಾಕಿದರೆ ಅದೇ ಹಾಳೆ ಅವನನ್ನು ಎರಡನೆಯ ಸಲ ಓದಿ, ಎರಡನೆಯ ಸಲ ಹೊರಗೆ ದಬ್ಬುತ್ತದೆ. ಮೂರು ದಿನದಿಂದ ಆ ಕರಡನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಯಂತ್ರದವರು ದಿನಕ್ಕೆರಡು ಸಲ ಗಾಜು ತಟ್ಟಿ, "ಅಮ್ಮಾ, ಆಯ್ತಾ?" ಎನ್ನುತ್ತಾರೆ. ನಿನ್ನೆ ಬೆಳಿಗ್ಗೆ ತಡೆಯಲಾರದೆ ತಮ್ಮನನ್ನೇ ಕೇಳಿದೆ. ಅವನು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ. ಈಗ ಅವನಿಗೆ ಕೈ ಕುದುರಿದೆ. ತಲೆ ಎತ್ತದೆ ಹೇಳಿದ:

"ಕೆಟ್ಟಿರೋ ಲಿಫ್ಟಿಗೆ 'ಸರಿಯಿದೆ' ಅಂತ ಚೀಟಿ ಅಂಟಿಸೋರನ್ನ ನಾನು ಏನಂತ ಬೈತೀನಿ, ನಿಂಗೊತ್ತಲ್ಲ."

"ಗೊತ್ತು ಕಣೋ. ಆದರೆ ಗುರುವಾರ?"

"ಗುರುವಾರ ನಂದು. ಚೀಟಿ ನಿಂದು. ಆ ಲಿಫ್ಟು ಹತ್ತೋರು ನಾನೊಬ್ಬನೇ ಅಲ್ಲ ಅಕ್ಕಾ."

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಚಿಕ್ಕದು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಿಮ್ಮ ಕರಡಿನಲ್ಲಿ ಅಕ್ಷರ ತಪ್ಪಲ್ಲದ ಒಂದು ತಪ್ಪನ್ನು ತಿದ್ದಿದ್ದೇನೆ. ಹನ್ನೆರಡನೆಯ ಸಾಲನ್ನು ಅದರ ಜಾಗದಲ್ಲಿ ಮತ್ತೆ ಬರೆದಿದ್ದೇನೆ, ಜ್ವರ ಬಂದ ದಿನಾಂಕದ ಖಾಲಿ ಗೆರೆಯ ಸಮೇತ. ಆ ದಿನಾಂಕ ಮತ್ತು ಸಕ್ಕರೆ ಕಂಡ ದಿನಾಂಕ ಒಂದರ ಕೆಳಗೊಂದು ಬಂದರೆ, ಓದುವವರು ಎಷ್ಟೇ ಅವಸರದಲ್ಲಿದ್ದರೂ ಒಂದು ಕ್ಷಣ ನಿಲ್ಲುತ್ತಾರೆ. ನನಗೆ ಅಷ್ಟು ಸಾಕು. ಆ ತಿದ್ದುಪಡಿಯ ಪಕ್ಕದಲ್ಲಿ ನಿಮ್ಮ ಹಸಿರು ಶಾಯಿಯ ಸಹಿ ಬೇಕು, ಬರುವ ಬುಧವಾರ ಸಂಜೆಯೊಳಗೆ. ಅದು ಬಂದ ನಿಮಿಷ ನನ್ನ ಸಹಿಯೂ ಬೀಳುತ್ತದೆ, ಯಂತ್ರ ಶುರುವಾಗುತ್ತದೆ. ಮೊದಲ ಪ್ರತಿಯನ್ನು ನಾನೇ ಒಯ್ದು, ತಮ್ಮನ ಹೆಸರಿನಲ್ಲಿ ತುಂಬಿ ಕೌಂಟರಿಗೆ ಕೊಡುತ್ತೇನೆ.

ಪುಟದಲ್ಲಿ ಜಾಗವಿಲ್ಲ, ಒಂದು ಸಾಲು ಮತ್ತೆ ಹಿಂಬದಿಗೆ ಬೀಳುತ್ತದೆ ಎಂದು ನೀವು ಹೇಳುತ್ತೀರಿ ಎಂದು ಗೊತ್ತು. ಆ ಚಿಂತೆ ಬೇಡ. ಯಾವ ಸಾಲನ್ನು ಬಿಡಬಹುದು ಎಂದು ಈ ಸಲ ನಿಮ್ಮನ್ನು ಕೇಳಲಿಲ್ಲ. ನೆತ್ತಿಯ ಮೇಲಿದ್ದ "ನಿಮ್ಮ ಆರೋಗ್ಯ, ನಮ್ಮ ಹೊಣೆ" ಎಂಬುದರ ಮೇಲೆ ಗೀಟು ಎಳೆದಿದ್ದೇನೆ. ಪುಟ ಸರಿಯಾಗಿ ಕೂತಿದೆ.

ಇಂತಿ,
ಆ ಸಾಲನ್ನು ತನ್ನ ಕೈಯಾರೆ ತೆಗೆದು, ಚೆನ್ನಾಗಿ ಕೂರಿಸಿದೆನೆಂದು ಬೀಗಿದ,
ನಿಮ್ಮ ಕರಡು ತಿದ್ದುವವಳು,
ಕೀಲೆಣ್ಣೆಯ ಅಕ್ಕ